ಕುರಿಯ ಆರು ಎಳೆ ಎಲ್ಲಿ ಹೋದವು?

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ರತ್ನಾಜಿಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ! ತಪ್ಪಿದವನಿಗೆ ಹುಣ್ಣಿಮೆಯ ದಿನ ತಲೆದಂಡ!"

ಡಂಗುರ ಹೊಡೆದದ್ದೇ ತಡ, ಇಬ್ಬರು ರಾಜಕುಮಾರರು ಮೀಸೆ ತಿರುವುತ್ತ ಬಂದು, ಉತ್ತರ ತಪ್ಪಿ ಸೆರೆಮನೆ ಸೇರಿದರು. ಮೂರನೆಯವನು ಕಂಬಳಿ ನೇಯುವ ಸೋಮರಾಯ. ಅವನಿಗ್ಯಾಕೆ ಬೇಕಿತ್ತೋ ಈ ಉಸಾಬರಿ! ಅವನ ತಮ್ಮ ಮಾಳಿಂಗ, ಮಗ್ಗದಲ್ಲಿ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಹೊಸೆದು ಕೆಚ್ಚುವವನು. ಅಣ್ಣನ ತಲೆ ಉಳಿಸಲೆಂದು ಹುಣ್ಣಿಮೆಯ ಬೆಳಿಗ್ಗೆ ಆಸ್ಥಾನಕ್ಕೆ ಓಡಿಬಂದ.

ರಾಜಕುಮಾರಿಯ ಬಳಿ ಒಂದು ಮಾಯದ ಗಾಜು ಇತ್ತು. ಅದರಡಿ ಒಂದು ಹನಿ ರಕ್ತ ಇಟ್ಟರೆ, ಆ ಪ್ರಾಣಿಯನ್ನು ನೇಯ್ದ ಎಳೆಗಳೇ ಬಣ್ಣದ ಪಟ್ಟೆಗಳ ಸಮೇತ ಕಾಣುತ್ತಿದ್ದವು. ಮಾಳಿಂಗ ಇಣುಕಿದ. ಅಬ್ಬಬ್ಬಾ! ಮೈ ಜುಮ್ಮೆಂದಿತು.

"ಮೇಕೆಗೆ ಅರವತ್ತು ಎಳೆ, ಕುರಿಗೆ ಐವತ್ತನಾಲ್ಕು. ಆರು ಎಲ್ಲಿ ಹೋದವು?" ಎಂದಳು ರತ್ನಾಜಿ. "ಒಬ್ಬ ಕಳ್ಳರು ಕದ್ದರು ಎಂದ. ಇನ್ನೊಬ್ಬ ಉದುರಿದವು ಎಂದ. ನಿಮ್ಮಣ್ಣ ನುಸಿ ತಿಂದಿತು ಎಂದ."

"ನಮ್ಮಣ್ಣನಿಗೆ ಎಲ್ಲಿ ನೋಡಿದರೂ ನುಸಿಯೇ ಕಾಣೋದು ತಾಯೀ. ಎಲ್ಲೂ ಹೋಗಿಲ್ಲ. ಪಟ್ಟೆ ನೋಡಿ. ಮೇಕೆಯ ಎರಡು ಗಿಡ್ಡ ಎಳೆಗಳ ಪಟ್ಟೆಯೇ ಕುರಿಯ ಒಂದು ಉದ್ದ ಎಳೆಯಲ್ಲಿ ಸಾಲಾಗಿದೆ. ಹನ್ನೆರಡು ಎಳೆ ಎರಡೆರಡಾಗಿ ಕೂಡಿ ಆರಾಗಿವೆ."

ರಾಜಕುಮಾರಿ ಎದ್ದು ನಿಂತಳು. "ಕುದುರೆಗೆ ಅರವತ್ತನಾಲ್ಕು, ಕತ್ತೆಗೆ ಅರವತ್ತೆರಡು. ಎರಡಕ್ಕೂ ಹುಟ್ಟಿದ ಹೇಸರಗತ್ತೆ ಎಷ್ಟು ಗಟ್ಟಿಮುಟ್ಟು! ಆದರೂ ಅದಕ್ಕೆ ಮರಿ ಯಾಕಿಲ್ಲ?"

"ಅಪ್ಪ ಅಮ್ಮನಿಂದ ಅರ್ಧ ಅರ್ಧ ಬಂದು ಅದಕ್ಕೆ ಅರವತ್ತಮೂರು. ಮರಿಗಾಗಿ ಎಳೆಗೆ ಎಳೆ ಜೋಡಿಸಹೋದರೆ ಒಂದು ಒಂಟಿ ಉಳಿಯುತ್ತದೆ, ಮಿಕ್ಕವೂ ಸರಿಯಾಗಿ ಹೊಂದುವುದಿಲ್ಲ. ಹೊಂದದಿದ್ದರೆ ಮಗ್ಗ ಓಡುವುದಿಲ್ಲ ತಾಯೀ. ಪಾಪ!"

"ನಮ್ಮ ಕಾಡಿನ ಬೊಗಳುವ ಹೆಣ್ಣುಜಿಂಕೆಗೆ ಆರೇ ಎಳೆ. ಬೆಟ್ಟದಾಚೆಯ ಅದರ ದಾಯಾದಿಗೆ ನಲವತ್ತಾರು. ಇವೆರಡೂ ಒಂದೇ ಮನೆತನ ಎಂದು ಹೇಗೆ ನಂಬಲಿ?"

ಮಾಳಿಂಗ ಬಹಳ ಹೊತ್ತು ಗಾಜಿಗೆ ಕಣ್ಣಿಟ್ಟ. ಹಸು, ಕುರಿಗಳ ರಕ್ತದ ಹನಿಯನ್ನೂ ಇಟ್ಟು ಪಟ್ಟೆಗೆ ಪಟ್ಟೆ ಹೋಲಿಸಿದ. ಕಣ್ಣು ತುಂಬಿ ಬಂತು.

"ಆ ನಲವತ್ತಾರರ ಪಟ್ಟೆಗಳೆಲ್ಲ ಈ ಆರರಲ್ಲಿ ಒಂದರ ಹಿಂದೊಂದು ಇವೆ. ಹಸು, ಕುರಿ, ಜಿಂಕೆ, ಯಾವುದರ ಎಳೆ ಹಿಡಿದರೂ ಅವೇ ಪಟ್ಟೆ ಮತ್ತೆಮತ್ತೆ ಸಿಗುತ್ತವೆ ತಾಯೀ. ಈ ಗೊರಸಿನ ಸಂತಾನವೆಲ್ಲ ಒಂದೇ ಹಳೆಯ ಮಗ್ಗದಿಂದ ಬಂದದ್ದು. ಎಷ್ಟು ಸಾವಿರ ತಲೆಮಾರು ಕೆಚ್ಚುತ್ತ ಬಂದಿರಬೇಕು!"

ರಾಜ ಅರ್ಧ ರಾಜ್ಯದ ಪತ್ರ ಚಾಚಿದ. ಮಾಳಿಂಗ ಅದನ್ನು ಮುಟ್ಟಲಿಲ್ಲ.

"ರಾಜ್ಯ ಬೇಡ ಬುದ್ಧೀ. ಸೆರೆಯಲ್ಲಿರುವ ಮೂವರನ್ನೂ ಬಿಡಿ. ಎಂಥ ಎಳೆ ಹರಿದರೂ ನಾನು ಕೆಚ್ಚಬಲ್ಲೆ. ತಲೆ ಕತ್ತರಿಸಿದರೆ ಕೆಚ್ಚುವುದು ನನ್ನ ಕೈಯಲ್ಲಾಗದು."

ರತ್ನಾಜಿ ತಲೆ ತಗ್ಗಿಸಿದಳು. ಬೀಗದ ಕೈ ತೆಗೆದುಕೊಂಡು ತಾನೇ ಸೆರೆಮನೆಗೆ ನಡೆದಳು.

ಸೋಮರಾಯ ಬಿಸಿಲಿಗೆ ಬಂದು, ತಮ್ಮನನ್ನು ತಬ್ಬಿಕೊಂಡು ಗಳಗಳನೆ ಅತ್ತ. ಆಮೇಲೆ ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದ: "ಹಾಗಾದರೆ ನುಸಿ ಅಲ್ವೇನೋ?"