ಅಂಚುಗಣ್ಣಿಗೆ ಕಂಡ ಒಂದು ಕಡ್ಡಿ

ಆಗ ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟಗಳ ಮೈ ಆರಿರಲಿಲ್ಲ. ಕಣ್ಣಿನೊಳಗೆ ಇಬ್ಬರು ಅಕ್ಕತಂಗಿಯರಿದ್ದರು. ನಡುವೆ ಕೂತ ಅಕ್ಕ ನಡುಗಣ್ಣು. ಅಂಚಿನಲ್ಲಿ ಕೂತ ತಂಗಿ ಅಂಚುಗಣ್ಣು.

ಬಣ್ಣ ಹಂಚುವ ದಿನ ಅಕ್ಕ ಮುಂದೆ ನುಗ್ಗಿದಳು. ಕೆಂಪು, ಹಸಿರು, ಮುಖ, ಮೂಗು, ಎಲ್ಲ ಬಾಚಿಕೊಂಡಳು. ತಂಗಿಗೆ ಉಳಿದದ್ದು ಮಬ್ಬು.

"ನಿನಗೆ ಬದನೆಕಾಯಿ ಯಾವುದು, ಬೆಕ್ಕು ಯಾವುದು ಅಂತಲೂ ತಿಳಿಯದು," ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಮಾತು ನಿಜ.

ಆ ಕಣ್ಣಿನ ಒಡತಿ ದುಗ್ಗವ್ವ. ಹೊಳೆದಂಡೆಯಲ್ಲಿ ಜೊಂಡಿನ ಚಾಪೆ ಹೆಣೆಯುವವಳು. ಹೆಣೆಯುವವರದು ಒಂದೇ ಕಟ್ಟಳೆ. ಹಿಡಿದ ಸಾಲು ಮುಗಿಯುವ ತನಕ ತಲೆ ಎತ್ತಬಾರದು. ಎತ್ತಿದರೆ ಎಳೆ ತಪ್ಪುತ್ತದೆ, ಚಾಪೆ ಸೊಟ್ಟಗಾಗುತ್ತದೆ.

ಒಂದು ಮಧ್ಯಾಹ್ನ ಅವಳು ಕೂಸನ್ನು ಪಕ್ಕದಲ್ಲಿ ಮೊರದ ಮೇಲೆ ಮಲಗಿಸಿ ಸಾಲು ಹಿಡಿದಳು. ಅಕ್ಕ ಎಳೆಗೆ ಅಂಟಿಕೊಂಡಳು. ಒಣಜೊಂಡಿನ ಬಣ್ಣದ ತೋಳವೊಂದು ಜೊಂಡಿನೊಳಗೆ ತೆವಳುತ್ತ ಬಂತು.

ಹೊಳೆ ನೋಡಿತು, ಕೂಗಿತು. ಹೊಳೆ ಯಾವಾಗಲೂ ಕೂಗುವುದೇ. ಯಾರೂ ಕಿವಿಗೊಡಲಿಲ್ಲ. ಗಾಳಿ ಜೊಂಡನ್ನೆಲ್ಲ ಅಲ್ಲಾಡಿಸಿ, ಏನೋ ಬಂದಿದೆ, ಎಲ್ಲಿದೆ ನೋಡು ಎಂದು ತಂಗಿಯನ್ನು ಅವಸರಪಡಿಸಿತು.

"ಎಲ್ಲವೂ ಅಲ್ಲಾಡಿದರೆ ನನಗೇನು ತಿಳಿಯುತ್ತೆ, ಗಾಳಿಯಣ್ಣ? ಒಂದು ಗಳಿಗೆ ಉಸಿರು ಹಿಡಿ."

ಗಾಳಿ ಉಸಿರು ಹಿಡಿಯಿತು. ಜೊಂಡೆಲ್ಲ ನಿಂತಿತು.

ಒಂದೇ ಒಂದು ಕಡ್ಡಿ ಅಲುಗಿತು. ಮೊರದ ಹತ್ತಿರ.

"ಅಕ್ಕಾ, ತಿರುಗು."

"ಏನದು?"

"ಗೊತ್ತಿಲ್ಲ."

"ಬಣ್ಣ?"

"ಗೊತ್ತಿಲ್ಲ."

"ಹಾಗಾದರೆ ಸುಮ್ಮನಿರು. ಇನ್ನು ನಾಲ್ಕು ಎಳೆ ಇದೆ."

"ಏನು ಅಂತ ಹೇಳೋದು ನಿನ್ನ ಕೆಲಸ. ಅಲುಗಿತು ಅನ್ನೋದು ನನ್ನದು," ಎಂದವಳೇ ತಂಗಿ ಅಕ್ಕನ ಜಡೆ ಹಿಡಿದು ಎಳೆದಳು.

ದುಗ್ಗವ್ವನ ತಲೆ ಹೊರಳಿತು. ತೋಳದ ಮೂತಿಗೂ ಮೊರಕ್ಕೂ ನಡುವೆ ಒಂದು ಗೇಣು. ಜೊಂಡು ಬಡಿಯುವ ಕೊಡತಿ ಆ ಮೂತಿಯ ಮೇಲೆ ಬಿತ್ತು. ತೋಳ ಹೊಳೆ ಹಾರಿ ಓಡಿತು. ಹೊಳೆ ಅದರ ಬಾಲವನ್ನೂ ನೆನೆಸಿ ಕಳಿಸಿತು. ಗಾಳಿ ಹಿಡಿದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟಿತು. ದಂಡೆಯ ಜೊಂಡೆಲ್ಲ ಎದ್ದು ಕುಣಿಯಿತು. ಕೂಸಿಗೆ ಎಚ್ಚರವೇ ಆಗಲಿಲ್ಲ.

ಚಾಪೆ ಸೊಟ್ಟಗಾಯಿತು. ದುಗ್ಗವ್ವ ಅದನ್ನು ಬಿಚ್ಚಲಿಲ್ಲ. ಗುಡಿಸಲ ಬಾಗಿಲಿಗೆ ತೂಗುಹಾಕಿ, ಬಂದವರಿಗೆಲ್ಲ ಆ ಸೊಟ್ಟವನ್ನೇ ಮೊದಲು ತೋರಿಸಿದಳು.

ಅಂದಿನಿಂದ ತಂಗಿ ಎಳೆದರೆ ಅಕ್ಕ ಏನು, ಎತ್ತ ಎಂದು ಕೇಳುವುದಿಲ್ಲ. ಮೊದಲು ತಿರುಗುತ್ತಾಳೆ.

ನೀನು ತಲೆ ತಗ್ಗಿಸಿ ಪುಸ್ತಕ ಓದುವಾಗ ಗೋಡೆಯ ಮೇಲೆ ಏನೋ ಸರಕ್ಕನೆ ಹರಿದರೆ, ಅದು ಹಲ್ಲಿ ಎಂದು ತಿಳಿಯುವ ಮೊದಲೇ ನಿನ್ನ ಕಣ್ಣು ಅತ್ತ ತಿರುಗಿರುವುದು ಅದಕ್ಕೇ.