ಅತ್ತೆಯ ಅನುಮಾನ ಬೆಟ್ಟ ಹತ್ತಿದ್ದು

ಹೂಂ, ಕಣ್ಣು ಮುಚ್ಚು. ಮುಚ್ಚಿದ ಹಾಗೆ ನಾಟಕ ಆಡ್ಬೇಡ, ರೆಪ್ಪೆ ಸಂದಿಯಿಂದ ನೋಡ್ತಿದ್ದೀಯ ಅಂತ ನಂಗೆ ಗೊತ್ತು. ನಿನ್ನ ವಯಸ್ಸಲ್ಲಿ ನಾನೂ ಅದನ್ನೇ ಮಾಡ್ತಿದ್ದೆ, ಅದಕ್ಕೇ ನಾನು ಯಾರನ್ನೂ ಪೂರ್ತಿ ನಂಬೋದಿಲ್ಲ. ಹೂಂಗುಟ್ತಾ ಇರು, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬೀಳದೇ ಇದ್ದ ಕಾಲದಲ್ಲಿ, ಒಂದು ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ, ಆ ಊರಲ್ಲಿ ಸಣ್ಣೀರಮ್ಮ ಅಂತ ಒಬ್ಬಳು ಇದ್ಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಒಬ್ಬಳೇ ಮಗಳು ರಂಗಿ. ರಂಗಿಯನ್ನ ಬೆಟ್ಟದ ಆಚೆ ಊರಿಗೆ ಮದುವೆ ಮಾಡಿ ಕೊಟ್ಟಿದ್ರಂತೆ. ಈ ಸಣ್ಣೀರಮ್ಮ ಮೊಸರಲ್ಲಿ ಕಲ್ಲು ಹುಡುಕೋ ಪೈಕಿ. ಹಾಲು ಹಾಕೋಳು ನಕ್ಕರೆ ನೀರು ಬೆರೆಸಿದ್ದಾಳೆ ಅನ್ನೋಳು, ನಗದೇ ಇದ್ರೆ ಬೆರೆಸಿದ್ದಕ್ಕೇ ಮುಖ ಬಿಗಿದಿದೆ ಅನ್ನೋಳು.

ಒಂದು ಸಲ ಅವಳಿಗೆ ದೊಡ್ಡ ಜ್ವರ ಬಂತಂತೆ. ಆಮೇಲೆ ಜ್ವರ ಅವಳನ್ನ ಬಿಡ್ತು, ಅವಳು ಮಂಚ ಬಿಡಲಿಲ್ಲ. ಎರಡು ವರ್ಷ ಕೂತಲ್ಲೇ ಕೂತು, ಮಲಗಿದಲ್ಲೇ ಮಲಗಿ, ಕಾಲು ಕಡ್ಡಿಯಾಗಿ, ಎದ್ದು ನಿಂತರೆ ಗಡಗಡ ನಡುಗೋದಂತೆ. ಅಂಥಾ ಹೊತ್ತಲ್ಲಿ ರಂಗಿ ಬಸುರಿ, ಮೂರು ತಿಂಗಳು ಅಂತ ಸುದ್ದಿ ಬಂತು. ಬಸುರಿ ಹೆಂಗಸು ಬೆಟ್ಟ ದಾಟಬಾರದು ಅಂತ ಅವಳ ಗಂಡನ ಮನೆಯವರು ಕಡ್ಡಿ ಮುರಿದ ಹಾಗೆ ಹೇಳಿದ್ರಂತೆ, ಅದಕ್ಕೇ ಹೆರಿಗೆಗೆ ತವರಿಗೆ ಬರೋ ಹಾಗಿಲ್ಲ. ಆ ಹುಡುಗಿ, ನಂಗೆ ತುಂಬಾ ಹೆದರಿಕೆ, ಹೆರಿಗೆ ಹೊತ್ತಿಗೆ ಅವ್ವ ಬಂದು ಕೈ ಹಿಡ್ಕೋಬೇಕು ಅಂತ ಹೇಳಿ ಕಳಿಸಿದ್ಳಂತೆ. ಬೆಟ್ಟಕ್ಕೆ ಗಾಡಿ ಹೋಗಲ್ಲ, ಬರೀ ಮೆಟ್ಟಿಲ ದಾರಿ. ಸಣ್ಣೀರಮ್ಮ ಬೆಟ್ಟದ ಕಡೆ ಮುಖ ಮಾಡಿ ಕೂತು ಕಣ್ಣೀರು ಹಾಕಿದ್ಳಂತೆ. ಎಷ್ಟಾದ್ರೂ ಹೆತ್ತ ಕರುಳಲ್ವಾ.

ಆಮೇಲೆ ದೊಡ್ಡ ಮಗ ಪಂಡಿತರನ್ನ ಕರೆತಂದ. ಪಂಡಿತರು ಕಾಲು ಒತ್ತಿ ನೋಡಿ, ಕಾಲಿಗೇನೂ ಆಗಿಲ್ಲ ತಾಯಿ, ಎಣ್ಣೆ ಹಚ್ಚಿ ದಿನಾ ನಾಲ್ಕು ಹೆಜ್ಜೆ ನಡೀರಿ, ನಾಳೆ ಐದು ನಡೀರಿ ಅಂದ್ರಂತೆ. ಓಹೋ, ನಾನು ಬಿದ್ದು ಸೊಂಟ ಮುರ್ಕೊಂಡ್ರೆ ಅದಕ್ಕೊಂದು ಎಣ್ಣೆ ಮಾರೋಣ ಅಂತಾನೆ ಇವನು ಅಂತ ಅವಳು ಎಣ್ಣೆಯನ್ನ ಒಲೆಗೆ ಸುರಿಸಿದ್ಳಂತೆ. ಆಮೇಲೆ ನಡುವಿನ ಮಗ ಡೋಲಿ ಹೊರೋರನ್ನ ಕರೆತಂದ. ಅವರ ಭುಜ ನೋಡಿ, ಒಬ್ಬ ಉದ್ದ ಒಬ್ಬ ಗಿಡ್ಡ, ಬೇಕು ಅಂತಲೇ ಆರಿಸಿದ್ದಾರೆ, ಕಣಿವೆಗೆ ಉರುಳಿಸೋಕೆ ಅಂದ್ಳಂತೆ. ಆಮೇಲೆ ಕಿರಿಮಗ, ಅವ್ವಾ ನಾನೇ ಬೆನ್ನ ಮೇಲೆ ಹೊತ್ಕೊಂಡು ಹೋಗ್ತೀನಿ ಅಂದ. ಚಿಕ್ಕವನಿದ್ದಾಗ ಒಂದು ಕೊಡ ನೀರು ತರೋಕೆ ಅಳ್ತಿದ್ದವನು ಇವತ್ತು ನನ್ನನ್ನ ಹೊರ್ತಾನಂತೆ, ಇದರಲ್ಲೇನೋ ಇದೆ ಅಂತ ಅವಳು ಗೋಡೆ ಕಡೆ ತಿರುಗಿ ಮಲಗಿದ್ಳಂತೆ.

ಕಿರಿಮಗನ ಹೆಂಡ್ತಿ ಹನುಮಕ್ಕ ಬಾಗಿಲ ಹತ್ರ ಅಕ್ಕಿ ಆರಿಸ್ತಾ ಇದನ್ನೆಲ್ಲ ನೋಡ್ತಿದ್ಳಂತೆ. ಏನೂ ಮಾತಾಡ್ಲಿಲ್ಲ. ಮಾತಾಡದೇ ಇರೋರ ಮೇಲೆ ಒಂದು ಕಣ್ಣಿಟ್ಟಿರ್ಬೇಕು, ಮಗಾ, ಇದು ಯಾವಾಗ್ಲೂ ನೆನಪಿರ್ಲಿ.

ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ಹನುಮಕ್ಕ ಎದ್ದು, ಸೆರಗಿನ ಕೆಳಗೆ ಏನೋ ಒಂದು ಗಂಟು ಇಟ್ಕೊಂಡು, ಆ ಕಡೆ ಈ ಕಡೆ ನೋಡಿ, ಹಿತ್ತಿಲ ಬಾಗಿಲು ಮೆಲ್ಲಗೆ ತೆಗೆದು ಹೊರಟ್ಳಂತೆ. ಸಣ್ಣೀರಮ್ಮ ಮಂಚದ ಮೇಲಿಂದ ಕತ್ತು ಚಾಚಿದ್ರೆ ಕಂಡಿದ್ದು ಸೆರಗಿನ ತುದಿ ಮಾತ್ರ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದ್ರೆ, ಎಲ್ಲೂ ಇಲ್ಲ ಅತ್ತೆಮ್ಮ ಅಂದ್ಳಂತೆ. ಎಲ್ಲೂ ಇಲ್ಲ ಅಂದ್ರೆ ಎಲ್ಲೋ ಇದೆ ಅಂತ ಅರ್ಥ, ಅಲ್ವಾ? ಸಣ್ಣೀರಮ್ಮ ಅವತ್ತೆಲ್ಲ ಹಿತ್ತಿಲ ಬಾಗಿಲ ಮೇಲೇ ಕಣ್ಣಿಟ್ಟು ಕೂತಿದ್ಳಂತೆ.

ಎರಡನೇ ದಿನ ಅವಳು ಮಂಚದಿಂದ ಇಳಿದು ಗೋಡೆ ಹಿಡ್ಕೊಂಡು ಬಾಗಿಲ ತನಕ ಬಂದ್ಳಂತೆ. ಅಷ್ಟು ಹೊತ್ತಿಗೆ ಸೊಸೆ ಬಣವೆ ಮರೆಗೆ ಹೋಗಿ ಆಗಿತ್ತು. ಬೆಣ್ಣೆ ಸಾಗಿಸ್ತಿದ್ದಾಳೆ ಅಂತ ಅನುಮಾನ, ಗಡಿಗೆ ನೋಡಿದ್ರೆ ಬೆಣ್ಣೆ ಹಾಗೇ ಇದೆ. ಆಮೇಲೆ ಕೋಲು ಊರ್ಕೊಂಡು ಬಣವೆ ತನಕ ಹೋಗೋದು ಕಲಿತ್ಳು, ಅಷ್ಟರಲ್ಲಿ ಸೊಸೆ ಬಾವಿ ಕಟ್ಟೆಗೆ ಹೋಗೋಕೆ ಶುರು ಮಾಡಿದ್ಳಂತೆ. ಬೆಳ್ಳಿ ಡಾಬು ತವರಿಗೆ ಕಳಿಸ್ತಿದ್ದಾಳೆ ಅಂತ ಅನುಮಾನ, ಪೆಟ್ಟಿಗೆ ತೆಗೆದ್ರೆ ಡಾಬು ಅಲ್ಲೇ ಇದೆ. ಆಮೇಲೆ ಬಾವಿ ಕಟ್ಟೆ ಮುಟ್ಟಿದ್ಳು, ಸೊಸೆ ಹುಣಸೇಮರಕ್ಕೆ ಹೋದ್ಳು. ಇನ್ನೇನು, ಮಾಟ ಮಾಡಿಸ್ತಿದ್ದಾಳೆ ಅಂತ ಹುಣಸೇಮರದ ಬುಡವನ್ನೆಲ್ಲ ಕೋಲಲ್ಲಿ ಕೆದಕಿ ನೋಡಿದ್ಳಂತೆ, ಒಂದು ನಿಂಬೆಹಣ್ಣೂ ಇಲ್ಲ. ಹಾಗಾದ್ರೆ ನನ್ನ ಹತ್ರ ಇರೋದು ನಂಗೇ ಗೊತ್ತಿಲ್ಲದ ಏನನ್ನೋ ಇವಳು ಕದೀತಿದ್ದಾಳೆ ಅಂದ್ಕೊಂಡ್ಳಂತೆ. ನಗ್ಬೇಡ, ಅನುಮಾನದೋರ ಲೆಕ್ಕ ಹಾಗೇ ಇರತ್ತೆ.

ಹೀಗೇ ದಿನಾ. ಕೋಳಿ ಕೂಗ್ತು ಅಂದ್ರೆ ಮುಂದೆ ಸೊಸೆ, ಹಿಂದೆ ಅತ್ತೆ. ಬೆವರು ಬಂತು, ಬೆವರಿನ ಹಿಂದೆ ಹಸಿವು ಬಂತು, ಅರ್ಧ ಮುದ್ದೆ ತಿನ್ನೋಳು ಎರಡು ಮುದ್ದೆ ತಿನ್ನೋ ಹಾಗಾದ್ಳು. ಒಂದು ದಿನ ನಡುವಿನ ಮಗ ಅದನ್ನ ನೋಡಿ, ಅವ್ವಾ ನೀನು ನಡೀ... ಅಂತ ಬಾಯಿ ತೆಗೆದನಂತೆ, ಹನುಮಕ್ಕ ಢಣ್ ಅಂತ ತಪ್ಪಲೆ ಕೆಡವಿದ್ಳಂತೆ. ಯಾಕೆ ಹೇಳು? ಯಾರಾದ್ರೂ ಶಭಾಷ್ ಅಂದ್ರೆ ಇದರಲ್ಲೇನೋ ಇದೆ ಅಂತ ಆ ಮುದುಕಿ ವಾಪಸ್ ಮಂಚ ಹತ್ತಿಬಿಡೋಳು.

ಇನ್ನೊಂದು ದಿನ ಮಳೆ ಧೋ ಅಂತ ಸುರೀತಿತ್ತಂತೆ. ಹನುಮಕ್ಕನಿಗೆ ಮೈ ಬಿಸಿ, ಕಣ್ಣು ಉರಿ. ಇಷ್ಟು ದಿನ ಆಯ್ತಲ್ಲ, ಇವತ್ತೊಂದಿನ ಬಿಟ್ರೆ ಏನಾಗತ್ತೆ ಅಂತ ಕಂಬಳಿ ಮುಖದ ಮೇಲೆ ಎಳ್ಕೊಂಡ್ಳು. ಆಮೇಲೆ ಯಾಕೋ ಸಂಶಯ ಬಂದು ಇಣುಕಿ ನೋಡಿದ್ರೆ ಅತ್ತೆ ಮಂಚ ಖಾಲಿ! ಮಳೆಯಲ್ಲಿ ಯಾರೂ ನೋಡಲ್ಲ ಅಂತ ಇವತ್ತೇ ಇವಳು ಕೆಲಸ ಮುಗಿಸ್ತಾಳೆ ಅಂದ್ಕೊಂಡು ಸಣ್ಣೀರಮ್ಮ ಗೋಣಿ ಕೊಪ್ಪೆ ಹಾಕ್ಕೊಂಡು ಮೊದಲೇ ಹೋಗಿ, ಸೊಸೆ ಆಗ ದಿನಾ ಹೋಗ್ತಿದ್ದ ಕೆರೆ ಏರಿ ಹಿಂದೆ ಅವಿತು ಕೂತಿದ್ಳಂತೆ. ಇನ್ನು ಹೋಗದೇ ಇರೋಕಾಗತ್ತಾ? ಹನುಮಕ್ಕ ಎದ್ದು ಹೋದ್ಳು. ಅವತ್ತು ಯಾರು ಯಾರನ್ನ ನಡೆಸಿದ್ರು ಅಂತ ನಂಗಂತೂ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಬೆಟ್ಟದ ಬುಡ. ಆಮೇಲೆ ಹತ್ತು ಮೆಟ್ಟಿಲು, ಆಮೇಲೆ ಐವತ್ತು, ಆಮೇಲೆ ನೂರು. ಕೋಲು ಎಲ್ಲೋ ಬಿಟ್ಟು ಬಂದದ್ದೂ ಸಣ್ಣೀರಮ್ಮನಿಗೆ ನೆನಪಿಲ್ಲ. ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೆಟ್ಟದ ನೆತ್ತಿ ಮೇಲೆ ಸೊಸೆಯ ಸೆರಗು ಹಿಡಿದೇಬಿಟ್ಳಂತೆ. ಸಿಕ್ಕಿಬಿದ್ದೆಯಾ ಕಳ್ಳಿ, ಬಿಚ್ಚೇ ಗಂಟು ಅಂತ ತಾನೇ ಕಿತ್ಕೊಂಡು ಬಿಚ್ಚಿದ್ರೆ ಒಳಗೆ ಒಂದು ಪುಟ್ಟ ಕೌದಿ. ಕೂಸನ್ನ ಸುತ್ತೋ ಅಷ್ಟು. ಸಣ್ಣೀರಮ್ಮನ ಹರಿದ ಹಳೇ ಸೀರೆ ತುಂಡುಗಳನ್ನೇ ಜೋಡಿಸಿ, ದಿನಾ ಬೆಳಿಗ್ಗೆ ಎಲ್ಲಿ ಕೂತಳೋ ಅಲ್ಲಿ ಒಂದೊಂದೇ ಸಾಲು ಹೊಲಿಗೆ ಹಾಕಿದ್ಳಂತೆ ಹನುಮಕ್ಕ.

ಸಣ್ಣೀರಮ್ಮ ತಲೆ ಎತ್ತಿ ನೋಡಿದ್ರೆ ಬೆಟ್ಟದ ಆಚೆ ರಂಗಿಯ ಊರು, ಮನೆ ಮನೆ ಮೇಲೂ ಒಲೆ ಹೊಗೆ. ತಿರುಗಿ ನೋಡಿದ್ರೆ ಹತ್ತಿ ಬಂದ ಮೆಟ್ಟಿಲು. ಎಲ್ಲಾ ಅರ್ಥ ಆಯ್ತು. ಸಂತೋಷ ಪಡ್ತಾಳೆ ಅಂದ್ಕೊಂಡ್ಯಾ? ಮುಖ ಕೆಂಡ ಮಾಡ್ಕೊಂಡು, ನನ್ನನ್ನ ಕೋತಿ ಥರ ಕುಣಿಸಿದ್ಯಾ, ಇನ್ನೊಂದು ಹೆಜ್ಜೆ ಇಡಲ್ಲ ಅಂತ ಅಲ್ಲೇ ಬಂಡೆ ಮೇಲೆ ಕೂತ್ಕೊಂಡ್ಳಂತೆ. ಹನುಮಕ್ಕ ಬೇಡ್ಕೊಳ್ಳಲಿಲ್ಲ. ಆಯ್ತು ಅತ್ತೆಮ್ಮ, ನೀವು ಕೂತಿರಿ, ನಾನೊಬ್ಬಳೇ ಹೋಗಿ ರಂಗಿ ಹತ್ರ ಏನು ಹೇಳ್ಬೇಕೋ ಹೇಳ್ತೀನಿ ಅಂತ ಇಳಿಯೋಕೆ ಶುರು ಮಾಡಿದ್ಳು. ಏನು ಹೇಳ್ತೀಯೇ? ಏನೂ ಇಲ್ಲ ಅತ್ತೆಮ್ಮ. ಏನೂ ಇಲ್ವಾ? ನಿಲ್ಲೇ ಅಲ್ಲಿ! ಅಂತ ಸಣ್ಣೀರಮ್ಮ ದಡದಡ ಇಳಿದೇ ಇಳಿದ್ಳಂತೆ.

ಅಲ್ಲಿ ಹೋದ್ರೆ ರಂಗಿಗೆ ನಸುಕಿಂದಲೇ ನೋವು. ಅವ್ವ ಬರಲ್ಲ, ಅವಳಿಗೆ ಕಾಲಿಲ್ಲ ಅಂತ ಗೋಡೆಗೆ ಮುಖ ಮಾಡಿ ಅಳ್ತಿದ್ಳಂತೆ. ಬಾಗಿಲಲ್ಲಿ ಅವ್ವ ನಿಂತಿದ್ದನ್ನ ನೋಡಿ ನೋವಲ್ಲೂ ನಕ್ಕುಬಿಟ್ಳಂತೆ. ಸಣ್ಣೀರಮ್ಮ ಮಗಳ ಕೈ ಹಿಡಿದವಳು ಹೊತ್ತು ಮುಳುಗೋ ತನಕ ಬಿಡಲಿಲ್ಲ. ಹೆಣ್ಣುಕೂಸು ಹುಟ್ತು. ಸೂಲಗಿತ್ತಿ ಕೂಸನ್ನ ಕೊಟ್ಟಾಗ, ಹುಟ್ಟಿದಾಗಿಂದ ಯಾರ ಕೈಗೂ ಏನನ್ನೂ ನಂಬಿ ಕೊಡದ ಆ ಸಣ್ಣೀರಮ್ಮ, ಕೂಸನ್ನ ಮೊದಲು ಹನುಮಕ್ಕನ ಮಡಿಲಿಗೆ ಹಾಕಿ, ಹಿಡ್ಕೋ, ನೀನು ಬೀಳಿಸಲ್ಲ ಅಂತ ನಂಗೊತ್ತು ಅಂದು ಗಳಗಳ ಅತ್ತಳಂತೆ.

ಮಾರನೇ ದಿನ ಕೋಳಿ ಕೂಗ್ತು. ಹನುಮಕ್ಕ ದಣಿದು ಸತ್ತ ಹಾಗೆ ಮಲಗಿದ್ಳಂತೆ. ಆರು ತಿಂಗಳಲ್ಲಿ ಮೊದಲ ಸಲ ಅವಳಿಗೆ ಎಲ್ಲಿಗೂ ಹೋಗೋ ಕೆಲಸ ಇರಲಿಲ್ಲ. ಯಾರೋ ಭುಜ ಅಲ್ಲಾಡಿಸಿದ್ರು. ಕಣ್ಣು ಬಿಟ್ರೆ ಸಣ್ಣೀರಮ್ಮ, ತಲೆ ಬಾಚಿ, ಸೆರಗು ಸಿಕ್ಕಿಸಿ ನಿಂತಿದ್ದಾಳೆ. ಏಳೇ, ಬೆಳಕು ಹರೀತು, ಇವತ್ತು ಕದ್ದು ಎಲ್ಲಿಗೂ ಹೋಗಲ್ವಾ? ನಾನು ಆಗಿಂದ ಕಾಯ್ತಿದ್ದೀನಿ ಅಂದ್ಳಂತೆ.

ಆ ಅತ್ತೆ ಸೊಸೆ ಅಲ್ಲಿ ನಡೀತಾ ಇರ್ಲಿ, ನಾವಿಬ್ರೂ ಇಲ್ಲಿ ಮಲಗೋಣ. ಅಷ್ಟೇ ಮಗಾ, ಕತೆ ಮುಗೀತು.