ನೋಯದ ಅಂಗಾಲು

ಮಲಪ್ರಭೆಯ ದಂಡೆಯ ಆಶ್ರಮವೊಂದರಲ್ಲಿ ಕಲ್ಲಿನಾಥನೆಂಬ ಶಿಷ್ಯನಿದ್ದ. ಮಹಾ ಹಟಮಾರಿ. ಉಳಿದವರು ಅರ್ಧ ಗಂಟೆ ಧ್ಯಾನಕ್ಕೆ ಕೂತು ಕಾಲು ಸರಿಮಾಡಿಕೊಂಡರೆ, ಇವನು ಎರಡು ಗಂಟೆ ಕದಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ನಡೆದಲ್ಲೆಲ್ಲ ರಕ್ತದ ಹೆಜ್ಜೆಗಳು ಮೂಡಿದ್ದವು. ಎಡ ಅಂಗಾಲಿನಲ್ಲಿ ಜಾಲಿಮುಳ್ಳು ಆಳವಾಗಿ ನಾಟಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ.

ಜೊತೆಯವರು ಬೆರಗಾದರು. ತಪಸ್ಸು ಫಲಿಸಿತು, ಇವನು ದೇಹವನ್ನು ಗೆದ್ದ ಎಂದರು. ವಯಸ್ಸಿನಲ್ಲಿ ಹಿರಿಯನೊಬ್ಬ ಅವನ ಕಾಲಿಗೂ ಬಿದ್ದ. ಕಲ್ಲಿನಾಥ ಬೇಡವೆನ್ನಲಿಲ್ಲ. ಅಂಥ ಹೊತ್ತಿನಲ್ಲಿ ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ?

ಗುರುಗಳ ಹೆಸರು ಮುಪ್ಪಯ್ಯ. ಎಲ್ಲರಿಗೂ ಅವರು ಅಜ್ಜ. ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಗಾಯಗಳಿಗೆ ಪಟ್ಟಿ ಕಟ್ಟಿದವರು. ಸುದ್ದಿ ಕೇಳಿ ಅವರು ಹಿಗ್ಗಲಿಲ್ಲ. ಶಿಷ್ಯನನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡರು.

“ಎಷ್ಟು ದಿನದಿಂದ ಹಿಂಗೈತಿ?”

“ದೀಪಾವಳಿಯಿಂದ್ರಿ ಅಜ್ಜಾರ. ಮೊದ್ಲಿಗೆ ಕಾಲ್ಬೆರಳು ಜೋಮು ಹಿಡಿತಿದ್ವು. ಈಗ ಅಂಗಾಲು ಪೂರಾ ಶಾಂತ ಆಗೇತಿ. ಎಲ್ಲಾ ನಿಮ್ಮ ಆಶೀರ್ವಾದ.”

ಅಜ್ಜ ಅವನಿಗೆ ಕಣ್ಣು ಮುಚ್ಚಲು ಹೇಳಿದರು. ಹತ್ತಿಯ ಬತ್ತಿಯಿಂದ ಮುಟ್ಟುತ್ತೇನೆ, ಮುಟ್ಟಿದಾಗಲೆಲ್ಲ ಹೂಂ ಅನ್ನು ಎಂದರು. ಅಂಗೈಗೆ ಮುಟ್ಟಿದಾಗ ಅವನು ಹೂಂ ಎಂದ. ಆಮೇಲೆ ಬಹಳ ಹೊತ್ತು ಕಾದ.

“ಕಾಲಿಗೆ ಯಾವಾಗ ಮುಟ್ತೀರಿ ಅಜ್ಜಾರ?”

“ಏಳು ಸಲ ಮುಟ್ಟೀನಿ ತಮ್ಮಾ.”

ಕಲ್ಲಿನಾಥ ಕಣ್ಣು ತೆರೆದ. ಅಜ್ಜ ಅವನದೇ ಬೆರಳನ್ನು ಹಿಡಿದು ಅವನ ಕಣಕಾಲಿನ ಒಳಗಂಟಿನ ಹಿಂದೆ ಒತ್ತಿದರು. ಚರ್ಮದಡಿ ಹಗ್ಗದಂಥದ್ದೊಂದು ಸಿಕ್ಕಿತು. ಅದು ನರ, ಇಷ್ಟು ದಪ್ಪ ಇರಬಾರದು ಎಂದರು.

ಆ ನರದೊಳಗೆ ಕೂದಲಿಗಿಂತ ಸಣ್ಣ ಎಳೆಗಳು ಸಾವಿರಾರು ಇರುತ್ತವೆ ಎಂದು ಅವರು ತಿಳಿಸಿದರು. ಒಂದೊಂದು ಎಳೆಯೂ ಒಂದೊಂದು ಜೀವಕೋಶದ ಬಾಲ. ಕೋಶದ ಒಡಲು ಬೆನ್ನುಮೂಳೆಯ ಪಕ್ಕದಲ್ಲಿರುತ್ತದೆ, ಬಾಲ ಕಾಲ್ಬೆರಳ ತುದಿಯವರೆಗೆ ಚಾಚಿರುತ್ತದೆ. ಮುಳ್ಳು ತಾಗಿದರೆ ಅದರೊಳಗೆ ಮಿಂಚು ಹರಿದಂತಾಗಿ ಸುದ್ದಿ ಮೇಲೇರುತ್ತದೆ. ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಒಂದು ಸಣ್ಣ ಸಂದು. ಅಲ್ಲಿ ಇದು ತೊಟ್ಟು ರಸ ಬಿಡುತ್ತದೆ, ಅದು ತಾಗಿ ಮುಂದಿನದು ಎಚ್ಚರಗೊಳ್ಳುತ್ತದೆ. ಹೀಗೆ ಸುದ್ದಿ ತಲೆ ಮುಟ್ಟಿದ ಮೇಲೆ ನೋವು.

“ಹಂಗಾದ್ರ ನನ್ನ ಸುದ್ದಿ?”

“ಹೊರಡೂದ ಇಲ್ಲ. ಆ ಎಳಿ ಸತ್ತಾವ. ಮುಳ್ಳು ಚುಚ್ಚಿದ್ದು ಖರೆ. ಕೂಗಿ ಹೇಳಾವ ಇಲ್ಲ.”

ಮೀನಖಂಡದ ಮೇಲಿನ ಬಿಳಿಚಿದ ಮಚ್ಚೆ ಈಗ ಕಲ್ಲಿನಾಥನ ಕಣ್ಣಿಗೆ ಬಿತ್ತು. ದೀಪಾವಳಿಯಿಂದ ಈಚೆಗೆ ಒಲೆಯ ಕೆಂಡವೋ, ಇಲಿಯ ಹಲ್ಲೋ, ತನಗೆ ಗೊತ್ತಿಲ್ಲದೆ ಏನೇನು ತಾಗಿ ಹೋಗಿದೆಯೋ ಎಂದು ನೆನೆದು ಅವನು ಕಾಲನ್ನು ತಿರುವಿ ತಿರುವಿ ನೋಡಿದ.

“ಕುಷ್ಠ ಏನ್ರಿ ಅಜ್ಜಾರ?”

“ಹಂಗ ಅನಸ್ತೈತಿ. ನಾಳೆ ಇಬ್ಬರೂ ಆಸ್ಪತ್ರಿಗೆ ಹೋಗೂಣು. ಗುಳಿಗಿ ಅದಾವ, ರೋಗ ನಿಲ್ತೈತಿ.”

ಕಾಲಿಗೆ ಮತ್ತೆ ಸ್ಪರ್ಶ ಬರುತ್ತದೆಯೇ ಎಂದು ಅವನು ಕೇಳಿದ. ಅದನ್ನು ಹೇಳಲಾಗದು ಎಂದರು ಅಜ್ಜ. ಸುಳ್ಳು ಸಮಾಧಾನ ಅವರಿಗೆ ಬರುತ್ತಿರಲಿಲ್ಲ.

ಕಲ್ಲಿನಾಥ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡ.

“ಮುಟ್ಟಬ್ಯಾಡ್ರಿ. ನನ್ನ ಇಲ್ಲಿಂದ ಹೊರಗ ಹಾಕ್ತೀರೇನ್ರಿ?”

ಅಜ್ಜ ಆ ಕಾಲನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮುಳ್ಳು ಕಿತ್ತರು. ಕಾಸಿ ಆರಿಸಿ ತಂದಿದ್ದ ನೀರಿನಿಂದ ಗಾಯ ತೊಳೆದು ಬಿಗಿಯಾಗಿ ಪಟ್ಟಿ ಕಟ್ಟಿದರು. ಅಷ್ಟೆಲ್ಲ ನಡೆಯುವಾಗಲೂ ಶಿಷ್ಯನಿಗೆ ಒಂದಿಷ್ಟೂ ನೋಯಲಿಲ್ಲ. ಅವನು ಅಳತೊಡಗಿದ.

“ಅಜ್ಜಾರ, ಅಂಜಿಕಿ ಬರಾಕತ್ತೈತ್ರಿ.”

“ನನಗೂ ಅಂಜಿಕಿ ಬಂದೈತಿ. ಆ ಇನ್ನೊಂದು ಕಾಲೂ ಚಾಚು, ನೋಡೂಣು.”